ಲೇಸರ್ ಅಂತ ಹೇಳಿ ಐಪಿಎಲ್ ಹೊಡೆದ ಕ್ಲಿನಿಕ್: ಒಂದು ಪ್ರಕರಣ ಅಧ್ಯಯನ

ಗ್ರಾಹಕರ ದೂರುಗಳಿಗೆ ಪೇಪರ್ ಕೆಲಸ ಮಾಡ್ಕೊಡೋ ಒಂದು ಸಣ್ಣ ಗುಂಪಲ್ಲಿ ನಾನಿದೀನಿ. ಸ್ಕಿನ್ ಕ್ಲಿನಿಕ್‌ಗಳಲ್ಲಿ ಮುಖ ಸುಟ್ಕೊಂಡು ಬರೋರು ಮೊದಲು ಕೇಳೋದು ಒಂದೇ ಪ್ರಶ್ನೆ, ಇದನ್ನ ಯಾವ ಆಫೀಸಿಗೆ ಕೊಡ್ಬೇಕು ಅಂತ. ಒಂದೇ ಆಫೀಸ್ ಅಂತ ಇಲ್ಲ, ಕಷ್ಟ ಇರೋದೇ ಅಲ್ಲಿ. ಔಷಧಿಗೆ ಒಬ್ಬರು, ಡಾಕ್ಟರಿಗೆ ಇನ್ನೊಬ್ಬರು, ಕಟ್ಟಡಕ್ಕೆ ಮತ್ತೊಬ್ಬರು, ಆದ್ರೆ ಕೂದಲು ತೆಗೆಯೋಕೆ ಮುಖಕ್ಕೆ ಹಿಡಿಯೋ ಲೇಸರ್ ಅಥವಾ ಐಪಿಎಲ್ (ಜೋರು ಬೆಳಕಿನ ಫ್ಲ್ಯಾಶ್) ಮೆಷಿನ್‌ನ ಯಾರು ಹಿಡ್ಕೋಬಹುದು ಯಾರು ಹಿಡ್ಕೋಬಾರ್ದು ಅಂತ ನೋಡೋರು ಯಾರೂ ಇಲ್ಲ. ಈ ಪ್ರಕರಣದಲ್ಲಿ ಅದು ತುಂಬ ಸ್ಪಷ್ಟವಾಗಿ ಕಾಣತ್ತೆ, ಹಾಗಾಗಿ ಪೂರ್ತಿ ಬರೀತಿದೀನಿ. ಮುಖ ಸುಟ್ಕೊಂಡ ಹುಡುಗಿಯ ಒಪ್ಪಿಗೆ ತಗೊಂಡೇ ಬರೀತಿರೋದು. ಊರು, ಕೆಲಸ, ದುಡ್ಡಿನ ಲೆಕ್ಕ ಎಲ್ಲ ಸ್ವಲ್ಪ ಸ್ವಲ್ಪ ಬದಲಾಯಿಸಿದೀನಿ, ಅವಳನ್ನ ಕಾವ್ಯ ಅಂತ ಕರೀತೀನಿ, ಅದು ಅವಳ ಹೆಸರಲ್ಲ.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಕಾವ್ಯಂಗೆ 26 ವಯಸ್ಸು, ಪ್ರೈವೇಟ್ ಸ್ಕೂಲಲ್ಲಿ ಟೀಚರ್. ಪಿಯುಸಿ ಟೈಮಿಂದನೂ ಗಲ್ಲ, ದವಡೆ ಕೆಳಗೆ ದಪ್ಪ ಕೂದಲು, ಹತ್ತು ದಿನಕ್ಕೊಂದ್ಸಲ ಥ್ರೆಡಿಂಗ್. ಪಿರಿಯಡ್ಸ್ ಯಾವತ್ತೂ ಸರಿಯಾಗಿ ಆಗ್ತಿರ್ಲಿಲ್ಲ, ಆದ್ರೆ ಅದಕ್ಕೂ ಮುಖದ ಕೂದಲಿಗೂ ಸಂಬಂಧ ಇರಬಹುದು ಅಂತ ಮನೇಲಿ ಯಾರಿಗೂ ಹೊಳೆದಿರ್ಲಿಲ್ಲ. ಮದುವೆ ಗೊತ್ತಾದ್ಮೇಲೆ ಚಿಕ್ಕಮ್ಮನ ಮಗಳು ಇನ್‌ಸ್ಟಾಗ್ರಾಂನಲ್ಲಿ ಒಂದು ಆಫರ್ ತೋರಿಸಿದ್ಲು, ಫುಲ್ ಫೇಸ್ ಲೇಸರ್, ಆರು ಸಿಟ್ಟಿಂಗ್, 18,000 ರೂಪಾಯಿ, ನೋವಿಲ್ಲ, ಸೈಡ್ ಎಫೆಕ್ಟ್ ಇಲ್ಲ, ಕೂದಲು ಶಾಶ್ವತವಾಗಿ ಹೋಗತ್ತೆ ಅಂತ. ಇಲ್ಲೇ ಒಂದು ಮಾತು ಹೇಳ್ಬಿಡ್ತೀನಿ, ಅಮೆರಿಕಾದಲ್ಲಿ ಔಷಧಿ, ವೈದ್ಯಕೀಯ ಉಪಕರಣಗಳನ್ನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಈ ಮೆಷಿನ್ ಮಾಡೋ ಕಂಪನಿಗಳಿಗೆ ಕೂದಲು ಶಾಶ್ವತವಾಗಿ ಕಮ್ಮಿ ಆಗತ್ತೆ ಅನ್ನೋದಕ್ಕೆ ಮಾತ್ರ ಬಿಡತ್ತೆ, ಪೂರ್ತಿ ಹೋಗತ್ತೆ ಅನ್ನೋ ಹಾಗಿಲ್ಲ. ಹಾರ್ಮೋನ್ ಸಮಸ್ಯೆ ಇದ್ರಂತೂ ಮತ್ತೆ ಬರತ್ತೆ.

ಜಾಗ ಒಂದು ಬಟ್ಟೆ ಅಂಗಡಿ ಮೇಲಿನ ಮಹಡಿ. ಬೋರ್ಡಲ್ಲಿ ಸ್ಕಿನ್ ಅಂಡ್ ಹೇರ್ ಕ್ಲಿನಿಕ್ ಅಂತ ದೊಡ್ಡದಾಗಿ, ಅದರ ಕೆಳಗೆ ಒಬ್ಬ ಎಂಬಿಬಿಎಸ್ ಡಾಕ್ಟರ್ ಹೆಸರು. ರಿಸೆಪ್ಷನ್ ಗೋಡೆ ಮೇಲೆ ಫ್ರೇಮ್ ಹಾಕಿದ ಸರ್ಟಿಫಿಕೇಟ್. ಒಳಗಡೆ ಬಿಳಿ ಕೋಟ್ ಹಾಕ್ಕೊಂಡು ಕೂತಿದ್ದ ಹುಡುಗಿ ತಾನು ಕೌನ್ಸೆಲರ್ ಅಂದ್ಲು, ಕಾವ್ಯ ಮತ್ತೆ ಅವಳ ಅಮ್ಮ ಇಬ್ಬರೂ ಅವಳನ್ನೇ ಡಾಕ್ಟರ್ ಅಂದ್ಕೊಂಡ್ರು, ಅವಳೂ ಅಲ್ಲ ಅನ್ನಲಿಲ್ಲ. ಡಾಕ್ಟರ್ ಬರೋದು ವಾರಕ್ಕೊಂದ್ಸಲ ಗುರುವಾರ ಅಂತ ಗೊತ್ತಾಗಿದ್ದು ಎಲ್ಲ ಮುಗಿದ್ಮೇಲೆ. ನಾಲ್ಕು ಪೇಜಿನ ಇಂಗ್ಲಿಷ್ ಫಾರ್ಮ್ ಕೊಟ್ಟು ಇಲ್ಲಿ ಇಲ್ಲಿ ಸೈನ್ ಮಾಡಿ ಮೇಡಂ ಅಂದ್ರು, ಮಾಡಿದ್ಲು, ಫೋನ್‌ಪೇಲಿ ಪೂರ್ತಿ ದುಡ್ಡು ಕಟ್ಟಿದ್ಲು.

ಮೆಷಿನ್ ಬಗ್ಗೆ ಸ್ವಲ್ಪ

ಇದನ್ನ ಬಿಟ್ಟು ಮುಂದೆ ಹೋದ್ರೆ ಕೇಸ್ ಅರ್ಥ ಆಗಲ್ಲ. ಲೇಸರ್ ಅಂದ್ರೆ ಒಂದೇ ತರಂಗಾಂತರದ ಬೆಳಕು. ಕೂದಲಿಗೆ ಬಳಸೋದ್ರಲ್ಲಿ ಅಲೆಕ್ಸಾಂಡ್ರೈಟ್ 755 ನ್ಯಾನೋಮೀಟರ್, ಡಯೋಡ್ ಸುಮಾರು 810, ಎನ್‌ಡಿ ಯಾಗ್ 1064. ಐಪಿಎಲ್ ಲೇಸರ್ ಅಲ್ಲವೇ ಅಲ್ಲ, ಅದೊಂದು ಫ್ಲ್ಯಾಶ್ ಲ್ಯಾಂಪ್, ಸುಮಾರು 500ರಿಂದ 1200ರ ತನಕ ಎಲ್ಲ ಬೆಳಕೂ ಒಟ್ಟಿಗೆ ಬರತ್ತೆ, ಮುಂದೆ ಒಂದು ಫಿಲ್ಟರ್ ಹಾಕಿ ಬೇಡದ್ದನ್ನ ತಡೀತಾರೆ. ಎರಡೂ ಕೆಲಸ ಮಾಡೋ ತತ್ವ ಒಂದೇ, 1983ರಲ್ಲಿ ಆಂಡರ್ಸನ್ ಮತ್ತೆ ಪ್ಯಾರಿಶ್ ಅನ್ನೋ ಇಬ್ಬರು ವಿವರಿಸಿದ್ದು, ಸರಿಯಾದ ತರಂಗಾಂತರ ಸರಿಯಾದಷ್ಟು ಹೊತ್ತು ಕೊಟ್ರೆ ಬೇಕಾದ ಗುರಿ ಮಾತ್ರ ಬಿಸಿ ಆಗತ್ತೆ, ಸುತ್ತ ಇರೋದು ಉಳ್ಕೊಳ್ಳತ್ತೆ ಅಂತ. ಇಲ್ಲಿ ಗುರಿ ಕೂದಲ ಬುಡದ ಮೆಲನಿನ್. ಆದ್ರೆ ಮೆಲನಿನ್ ನಮ್ಮ ಚರ್ಮದಲ್ಲೂ ಇದೆ, ನಮ್ಮಂಥ ಬಣ್ಣದವರಲ್ಲಿ ಜಾಸ್ತಿನೇ ಇದೆ, ಬೆಳಕಿಗೆ ಇದು ಕೂದಲು ಇದು ಚರ್ಮ ಅನ್ನೋ ಭೇದ ಗೊತ್ತಾಗಲ್ಲ. ಅದಕ್ಕೇ ಚರ್ಮರೋಗ ತಜ್ಞರು ಮೊದಲು ಫಿಟ್ಜ್‌ಪ್ಯಾಟ್ರಿಕ್ ಸ್ಕೇಲ್ ಪ್ರಕಾರ ಚರ್ಮ ಒಂದರಿಂದ ಆರರಲ್ಲಿ ಎಲ್ಲಿ ಬರತ್ತೆ ಅಂತ ನೋಡ್ತಾರೆ, ನಮ್ಮಲ್ಲಿ ಹೆಚ್ಚಿನವರು ನಾಲ್ಕು ಐದು, ಅಂಥವರಿಗೆ ಆಳಕ್ಕೆ ಹೋಗೋ 1064 ಹೆಚ್ಚು ಸೇಫ್, ಐಪಿಎಲ್ ಬಳಸೋದಾದ್ರೆ ತುಂಬ ಹುಷಾರಾಗಿ, ಕಮ್ಮಿ ಎನರ್ಜಿ, ಒಳ್ಳೆ ಕೂಲಿಂಗ್, ಮೊದಲು ಕಿವಿ ಕೆಳಗೆ ಒಂದು ಟೆಸ್ಟ್ ಪ್ಯಾಚ್. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಮಾಡ್ಲೇಬಾರ್ದು.

ಕಾವ್ಯಂಗೆ ಟೆಸ್ಟ್ ಪ್ಯಾಚ್ ಮಾಡಿರ್ಲಿಲ್ಲ. ಲೇಸರ್ ಅಂತ ಹೇಳಿದ್ದು ಐಪಿಎಲ್ ಆಗಿತ್ತು. ಬಿಲ್ಲಲ್ಲೂ ಲೇಸರ್ ಅಂತಾನೇ ಇತ್ತು.

ಮೂರನೇ ಸಿಟ್ಟಿಂಗ್

ಮೊದಲ ಎರಡು ಸಿಟ್ಟಿಂಗಲ್ಲಿ ಏನೂ ಆಗ್ಲಿಲ್ಲ, ಕೂದಲೂ ಅಷ್ಟೇನೂ ಕಮ್ಮಿ ಆಗಿರ್ಲಿಲ್ಲ. ಮೂರನೇದಕ್ಕೆ ಮುಂಚೆ ಮನೆದೇವ್ರ ಜಾತ್ರೆಗೆ ಹೋಗಿ ನಾಲ್ಕು ದಿನ ಬಿಸಿಲಲ್ಲಿ ಓಡಾಡಿ ಬಂದಿದ್ಲು, ಮುಖ ಕಪ್ಪಾಗಿತ್ತು, ಅದನ್ನ ಅವಳೇ ಹೇಳಿದ್ಲಂತೆ, ಏನಾಗಲ್ಲ ಮೇಡಂ ಅಂದ್ರಂತೆ. ಆವತ್ತು ಬೇರೆ ಹುಡುಗಿ ಇದ್ಲು. ರಿಸಲ್ಟ್ ಬರ್ತಿಲ್ಲ ಅಂತ ಕಾವ್ಯನ ಅಮ್ಮ ಕೇಳಿದ್ದಕ್ಕೆ ಇವತ್ತು ಸ್ವಲ್ಪ ಜಾಸ್ತಿ ಇಡ್ತೀನಿ ಆಂಟಿ ಅಂತ ಹೇಳಿ ಸ್ಕ್ರೀನ್ ಮೇಲೆ ನಂಬರ್ ಏರಿಸಿದ್ದು ಅಮ್ಮ ಕಣ್ಣಾರೆ ನೋಡಿದಾರೆ. ಎರಡನೇ ಫ್ಲ್ಯಾಶಿಗೇ ಸುಟ್ಟ ವಾಸನೆ ಬಂತು, ಕಾವ್ಯ ಉರಿ ಉರಿ ಅಂದ್ಲು, ಕೂದಲು ಸುಡೋದು ಅದು, ನಾರ್ಮಲ್ ಅಂದ್ರು, ಎರಡೂ ಕಡೆ ದವಡೆ ಪೂರ್ತಿ ಮುಗಿಸಿದ್ರು.

ಮನೆಗೆ ಬರೋಷ್ಟರಲ್ಲಿ ಮುಖ ಊದಿತ್ತು. ಮಾರನೇ ದಿನ ಬೆಳಿಗ್ಗೆ ತೆಗೆದ ಫೋಟೋ ನನ್ನ ಹತ್ರ ಇದೆ, ಅದನ್ನ ನೋಡಿದ್ರೆ ವಾದನೇ ಬೇಕಾಗಿಲ್ಲ. ಕಿವಿಯಿಂದ ಗಲ್ಲದ ತನಕ ಉದ್ದುದ್ದ ಆಯತಗಳು, ಒಂದರ ಪಕ್ಕ ಒಂದು, ಅಂಚು ನೇರವಾಗಿ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ, ಎರಡು ಆಯತ ಒಂದರ ಮೇಲೊಂದು ಬಿದ್ದ ಕಡೆ ನೀರುಗುಳ್ಳೆ. ಐಪಿಎಲ್ ಹ್ಯಾಂಡ್‌ಪೀಸಿನ, ಅಂದ್ರೆ ಕೈಲಿ ಹಿಡಿಯೋ ಭಾಗದ, ಬೆಳಕು ಬರೋ ಕಿಟಕಿ ಹಾಗೇ ಆಯತಾಕಾರ ಇರತ್ತೆ, ಆ ಅಳತೆ ನೋಡಿದ್ರೆ ಕೈಕಾಲಿಗೆ ಬಳಸೋ ದೊಡ್ಡ ಹ್ಯಾಂಡ್‌ಪೀಸ್‌ನೇ ಮುಖಕ್ಕೂ ಬಳಸಿದಾರೆ. ದವಡೆ ಮೂಳೆ ಡೊಂಕಿರೋ ಜಾಗದಲ್ಲಿ ಅಷ್ಟು ದೊಡ್ಡ ಕಿಟಕಿ ಸಮನಾಗಿ ಕೂರಲ್ಲ, ಒಂದು ಅಂಚು ಒತ್ತತ್ತೆ ಇನ್ನೊಂದು ಎತ್ಕೊಳ್ಳತ್ತೆ.

ಕ್ಲಿನಿಕ್‌ಗೆ ಫೋನ್ ಮಾಡಿದ್ರೆ ಅಲೋವೆರಾ ಹಚ್ಚಿ ಅಂದ್ರು. ನಾಲ್ಕನೇ ದಿನ ಹೋದಾಗ ಕೌಂಟರಿಂದಾನೇ ಒಂದು ಕ್ರೀಮ್ ಟ್ಯೂಬ್ ತೆಗೆದು ಕೊಟ್ರು, ರಾತ್ರಿ ಹಚ್ಚಿ, ಕಲೆ ಹೋಗತ್ತೆ ಅಂತ. ಚೀಟಿ ಇಲ್ಲ, ಬಿಲ್ ಇಲ್ಲ. ಅದರಲ್ಲಿ ಬಣ್ಣ ತಿಳಿ ಮಾಡೋ ಹೈಡ್ರೋಕ್ವಿನೋನ್, ಸಿಪ್ಪೆ ಎಬ್ಬಿಸೋ ಟ್ರೆಟಿನಾಯಿನ್, ಜೊತೆಗೆ ಸ್ಟೀರಾಯ್ಡ್ ಮೂರೂ ಇತ್ತು. ಸುಟ್ಟ ಚರ್ಮದ ಮೇಲೆ ಅದನ್ನ ಹಚ್ಚಿದ್ದಕ್ಕೆ ಇನ್ನಷ್ಟು ಕೆಂಪಾಗಿ ಸಿಪ್ಪೆ ಎದ್ದು, ಮೂರು ವಾರದಲ್ಲಿ ಆಯತಗಳೆಲ್ಲ ಕಡು ಕಂದು ಬಣ್ಣಕ್ಕೆ ತಿರುಗಿದ್ವು, ಗುಳ್ಳೆ ಬಂದಿದ್ದ ಕಡೆ ಬಿಳಿ ಚುಕ್ಕೆ.

ಮೊದಲ ತಿರುವು: ಫ್ರೀ ಸಿಟ್ಟಿಂಗ್ ಬೇಡ ಅಂದಿದ್ದು

ಕಾವ್ಯನ ಅಪ್ಪ ಮತ್ತೆ ಸೋದರಮಾವ ಹೋಗಿ ಗಲಾಟೆ ಮಾಡಿದ್ರು. ಆಗ ಮ್ಯಾನೇಜರ್ ಅಂತ ಒಬ್ಬರು ಬಂದು, ಸಾರ್ ಬೇಜಾರ್ ಮಾಡ್ಕೋಬೇಡಿ, ಈ ಕಲೆಗೆ ನಮ್ಮಲ್ಲೇ ಇನ್ನೊಂದು ಲೇಸರ್ ಇದೆ, ಐದು ಸಿಟ್ಟಿಂಗ್ ಫ್ರೀ ಮಾಡ್ಕೊಡ್ತೀವಿ ಅಂದ್ರು, ಮದುವೆಗೆ ಎರಡು ತಿಂಗಳಿತ್ತು, ಮನೆಯವರು ಹೆಚ್ಚು ಕಮ್ಮಿ ಒಪ್ಕೊಂಡೇ ಬಿಟ್ಟಿದ್ರು. ಬೇಡ ಅಂದವಳು ಕಾವ್ಯನೇ. ಆ ರೂಮಿಗೆ ಮತ್ತೆ ಕಾಲಿಡಲ್ಲ ಅಂತ ಹಟ ಹಿಡಿದ್ಲು.

ಇಡೀ ಪ್ರಕರಣ ಉಳಿದಿದ್ದು ಈ ಒಂದು ನಿರ್ಧಾರದಿಂದ. ಚರ್ಮದ ಮಟ್ಟಿಗೂ ಹೌದು, ಉರಿಯೂತ ಇಳಿಯದೆ ಇರೋ ಚರ್ಮಕ್ಕೆ ಮತ್ತೆ ಲೇಸರ್ ಹೊಡೆದ್ರೆ ಕಲೆ ಇನ್ನೂ ಗಾಢ ಆಗೋ ಸಾಧ್ಯತೆನೇ ಜಾಸ್ತಿ. ಕೇಸಿನ ಮಟ್ಟಿಗೂ ಹೌದು, ಅದೇ ಜಾಗದಲ್ಲಿ ಐದು ಸಲ ಮಾಡಿಸ್ಕೊಂಡಿದ್ರೆ ಯಾವ ಗಾಯ ಯಾವುದರಿಂದ ಆಯ್ತು ಅಂತ ಯಾರೂ ಹೇಳೋಕಾಗ್ತಿರ್ಲಿಲ್ಲ, ಜೊತೆಗೆ ನೋಡಿ ಅವರೇ ನಮ್ಮನ್ನ ನಂಬಿ ವಾಪಸ್ ಬಂದಿದಾರೆ ಅಂತ ಅವರ ವಕೀಲರು ಹೇಳ್ತಿದ್ರು. ಇಂಥ ಕೇಸುಗಳಲ್ಲಿ ಫ್ರೀ ರಿಪೇರಿ ಅನ್ನೋ ಮಾತು ತುಂಬ ಸಲ ಕೇಳಿದೀನಿ, ಪ್ರತಿ ಸಲನೂ ಅದು ಸಾಕ್ಷಿ ಅಳಿಸೋದ್ರಲ್ಲೇ ಮುಗಿಯತ್ತೆ.

ಕ್ಲಿನಿಕ್ ಬದಲು ಸರ್ಕಾರಿ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಹೋದ್ರು. ಅಲ್ಲಿನ ಮೇಡಂ ಎರಡು ಕೆಲಸ ಮಾಡಿದ್ರು. ಒಂದು, ಆ ಕ್ರೀಮ್ ನಿಲ್ಲಿಸಿ, ಸನ್‌ಸ್ಕ್ರೀನ್, ಮಾಯಿಶ್ಚರೈಸರ್, ಆಮೇಲೆ ನಿಧಾನಕ್ಕೆ ಅಜೆಲಾಯಿಕ್ ಆಸಿಡ್ ಕ್ರೀಮ್, ಜೊತೆಗೆ ಹಾರ್ಮೋನ್ ಟೆಸ್ಟ್ ಮತ್ತೆ ಸ್ಕ್ಯಾನಿಂಗ್ ಬರೆದ್ರು, ಪಿಸಿಓಎಸ್ ಅಂತ ಬಂತು, ಹಾರ್ಮೋನ್ ಏರುಪೇರಾಗಿ ಪಿರಿಯಡ್ಸ್ ತಪ್ಪೋ, ಮುಖದಲ್ಲಿ ಕೂದಲು ಬರೋ ಸಮಸ್ಯೆ ಅದು. ಪಿರಿಯಡ್ಸ್ ಸರಿಯಾಗಿ ಆಗ್ತಿದೆಯೇನಮ್ಮ ಅಂತ ಮೊದಲನೇ ಸಲ ಕೇಳಿದವರು ಅವರೇ, 18,000 ತಗೊಂಡವರು ಅದನ್ನ ಕೇಳಿರ್ಲಿಲ್ಲ. ಎರಡನೇದು, ಓಪಿಡಿ ಚೀಟೀಲಿ ಬರೀ ಕಲೆ ಅಂತ ಬರೆದು ಬಿಡ್ಲಿಲ್ಲ. ಚರ್ಮ ಟೈಪ್ ಐದು, ಜಾಮಿತೀಯ ಆಕಾರದ ಸುಟ್ಟಗಾಯದ ಗುರುತು, ಬೆಳಕು ಆಧಾರಿತ ಉಪಕರಣದಿಂದ ಆಗಿರೋದಕ್ಕೆ ಹೊಂದತ್ತೆ ಅಂತ ಬರೆದು, ಅಳತೆ ಹಾಕಿ, ಸ್ಕೇಲ್ ಇಟ್ಟು ಫೋಟೋ ತೆಗೆಸಿದ್ರು. ಮುಂದೆ ಎಲ್ಲ ಕಡೆ ನಾವು ಮುಂದಿಟ್ಟಿದ್ದು ಈ ಒಂದು ಹಾಳೆನೇ.

ದೂರುಗಳು, ಒಂದೊಂದಾಗಿ

ನಮ್ಮ ಹತ್ರ ಬಂದಾಗ ಅಪ್ಪನಿಗೆ ಎಫ್‌ಐಆರ್ ಆಗ್ಲೇಬೇಕು ಅಂತ ಇತ್ತು. ಸ್ಟೇಷನ್‌ನಲ್ಲಿ ಅರ್ಜಿ ತಗೊಂಡು ಹಿಂಬರಹ (ಅರ್ಜಿಗೆ ಬರೆದುಕೊಡೋ ಉತ್ತರ) ಕೊಟ್ರು, ಡಾಕ್ಟರ್ ಹೆಸರು ಇರೋದ್ರಿಂದ ಮೆಡಿಕಲ್ ಒಪಿನಿಯನ್ ಬೇಕು ಅಂದ್ರು. ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪಿಂದ ಬಂದಿರೋ ನಿಯಮ ಅದು, ಡಾಕ್ಟರ್ ಮೇಲೆ ಕ್ರಿಮಿನಲ್ ಕೇಸ್ ಮುಂದುವರಿಸೋಕೆ ಮುಂಚೆ ಇನ್ನೊಬ್ಬ ಸ್ವತಂತ್ರ ವೈದ್ಯರ ಅಭಿಪ್ರಾಯ ತಗೋಬೇಕು. ಆದ್ರೆ ಮೆಷಿನ್ ಹಿಡಿದಿದ್ದು ಡಾಕ್ಟರೇ ಅಲ್ಲ ಅನ್ನೋದು ನಮ್ಮ ದೂರು. ಆ ಪ್ರಶ್ನೆ ಅಲ್ಲೇ ನಿಂತ್ಕೊಳ್ತು, ನಾವೂ ಅದರ ಹಿಂದೆ ಬೀಳದೆ ದಾಖಲೆ ಕೂಡಿಸೋ ದಾರಿ ಹಿಡಿದ್ವಿ.

ಮೊದಲು ಕ್ಲಿನಿಕ್‌ಗೆ ರೆಕಾರ್ಡ್ ಕೇಳಿ ರಿಜಿಸ್ಟರ್ಡ್ ಪೋಸ್ಟಲ್ಲಿ ಪತ್ರ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ರೋಗಿ ಕೇಳಿದ್ರೆ 72 ಗಂಟೆ ಒಳಗೆ ಕೊಡ್ಬೇಕು. ನಾವು ಕೇಳಿದ್ದು ಕನ್ಸೆಂಟ್ ಫಾರ್ಮ್, ಟ್ರೀಟ್‌ಮೆಂಟ್ ಕಾರ್ಡ್, ಮೆಷಿನ್ ಹೆಸರು, ಮಾಡಲ್, ಸೀರಿಯಲ್ ನಂಬರ್, ಹ್ಯಾಂಡ್‌ಪೀಸ್ ಹಿಡಿದವರ ಹೆಸರು ಮತ್ತೆ ಓದಿದ್ದೇನು, ಕೊನೇ ಸಲ ಕ್ಯಾಲಿಬ್ರೇಷನ್ ಆಗಿದ್ದು ಯಾವಾಗ. 72 ಗಂಟೇಲಿ ಏನೂ ಬರಲಿಲ್ಲ, ಮೂರು ವಾರ ಆದ್ಮೇಲೆ ವಕೀಲರ ಮೂಲಕ ಒಂದು ಉತ್ತರ ಬಂತು, ಜೊತೆಗೆ ಟ್ರೀಟ್‌ಮೆಂಟ್ ಕಾರ್ಡಿನ ಜೆರಾಕ್ಸ್.

ಆ ಕಾರ್ಡಲ್ಲಿ ಮೂರೂ ಸಿಟ್ಟಿಂಗಿಗೆ ಎನರ್ಜಿ 18 ಜೂಲ್ ಅಂತ ಇತ್ತು. ಆದ್ರೆ ಮೂರನೇ ಸಿಟ್ಟಿಂಗ್ ಆದ ಸಂಜೆನೇ ರಿಸೆಪ್ಷನ್ ಹುಡುಗಿ ಮುಂದಿನ ಡೇಟ್ ತೋರಿಸೋಕೆ ಅದೇ ಕಾರ್ಡಿನ ಫೋಟೋನ ಕಾವ್ಯನ ವಾಟ್ಸಾಪಿಗೆ ಕಳಿಸಿದ್ಲು, ಅದರಲ್ಲಿ ಮೂರನೇ ಸಾಲಲ್ಲಿ 26 ಅಂತ ಸ್ಪಷ್ಟವಾಗಿ ಇದೆ. ಚರ್ಮದ ಟೈಪ್ ಅನ್ನೋ ಜಾಗದಲ್ಲಿ ಎರಡರಲ್ಲೂ ಮೂರು ಅಂತ ಬರೆದಿದಾರೆ. ಕಾವ್ಯನ್ನ ನೋಡಿದ ಯಾರೂ ಮೂರು ಅನ್ನಲ್ಲ. ವಾಟ್ಸಾಪ್ ಮೆಸೇಜ್ ಡಿಲೀಟ್ ಆಗದ ಹಾಗೆ ಬ್ಯಾಕಪ್ ತಗೊಂಡು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ಸಾಕ್ಷಿಗೆ ಬೇಕಾದ ಸರ್ಟಿಫಿಕೇಟ್ ಮಾಡಿಸಿ ಇಟ್ಕೊಂಡ್ವಿ.

ಅವರ ಉತ್ತರದಲ್ಲಿದ್ದ ಇನ್ನೊಂದು ವಾಕ್ಯ ಮುಖ್ಯ. ನಾವು ಕೊಟ್ಟಿದ್ದು ಸೌಂದರ್ಯ ಸೇವೆ, ವೈದ್ಯಕೀಯ ಚಿಕಿತ್ಸೆ ಅಲ್ಲ, ಹಾಗಾಗಿ ವೈದ್ಯಕೀಯ ನಿಯಮಗಳು ನಮಗೆ ಅನ್ವಯ ಆಗಲ್ಲ ಅಂತ. ಅವರೇ ಸೈನ್ ಹಾಕಿಸ್ಕೊಂಡಿದ್ದ ಫಾರ್ಮಿನ ತಲೆಬರಹ ವೈದ್ಯಕೀಯ ವಿಧಾನಕ್ಕೆ ಒಪ್ಪಿಗೆ ಅಂತ! ಬೋರ್ಡಲ್ಲಿ ಡಾಕ್ಟರ್ ಹೆಸರು, ಒಳಗೆ ಬಿಳಿ ಕೋಟು, ತೊಂದರೆ ಆದ್ಮೇಲೆ ಬ್ಯೂಟಿ ಪಾರ್ಲರ್. ಈ ಎರಡು ದೋಣಿ ಮೇಲೆ ಕಾಲಿಡೋದಕ್ಕೆ ಬಿಡಬಾರ್ದು ಅಂತ ಅಲ್ಲಿಂದ ಮುಂದೆ ಪ್ರತಿ ಅರ್ಜೀಲೂ ಅದನ್ನೇ ಬರೆದ್ವಿ. ವೈದ್ಯಕೀಯ ಅಂದ್ರೆ ನೋಂದಣಿ ತೋರಿಸಿ, ರೆಕಾರ್ಡ್ ಕೊಡಿ, ಡಾಕ್ಟರ್ ಎಲ್ಲಿದ್ರು ಹೇಳಿ. ವೈದ್ಯಕೀಯ ಅಲ್ಲ ಅಂದ್ರೆ ಡಾಕ್ಟರಿಗಿರೋ ಯಾವ ರಕ್ಷಣೆನೂ ನಿಮಗಿಲ್ಲ, ಡಾಕ್ಟರ್ ಹೆಸರು ತೋರಿಸಿ ದುಡ್ಡು ತಗೊಂಡಿದ್ದು ಮೋಸ.

ಆಮೇಲೆ ಕೆಪಿಎಂಇ. ಕರ್ನಾಟಕದಲ್ಲಿ ಯಾವ ಖಾಸಗಿ ಕ್ಲಿನಿಕ್ ಆದ್ರೂ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಅದೇ ಕೆಪಿಎಂಇ) ಕೆಳಗೆ ನೋಂದಣಿ ಆಗಿರ್ಬೇಕು, ಸರ್ಟಿಫಿಕೇಟ್ ಮತ್ತೆ ದರಪಟ್ಟಿ ಕಾಣೋ ಹಾಗೆ ಹಾಕಿರ್ಬೇಕು. ಜಿಲ್ಲೇಲಿ ನೋಂದಣಿ ಮತ್ತೆ ಕುಂದುಕೊರತೆ ಪ್ರಾಧಿಕಾರ ಇದೆ, ಡಿಸಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಅಂದ್ರೆ ಡಿಎಚ್‌ಓ ಸದಸ್ಯ ಕಾರ್ಯದರ್ಶಿ. ಡಿಎಚ್‌ಓ ಆಫೀಸಿನ ಟಪಾಲಲ್ಲಿ ದೂರು ಕೊಟ್ಟು ಸೀಲ್ ಹಾಕಿಸ್ಕೊಂಡು, ಅದರ ಜೊತೆಗೇ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಒಂದು ಆರ್‌ಟಿಐ ಹಾಕಿದ್ವಿ, ಈ ವಿಳಾಸದಲ್ಲಿ ಯಾವ ಸಂಸ್ಥೆ ನೋಂದಣಿ ಆಗಿದೆ ಅಂತ. ಉತ್ತರ ಬಂದಾಗ ಗೊತ್ತಾಯ್ತು, ಗೋಡೆ ಮೇಲಿದ್ದ ಸರ್ಟಿಫಿಕೇಟ್ ಆ ಡಾಕ್ಟರ್ ಊರಿನ ಇನ್ನೊಂದು ಮೂಲೇಲಿ ನಡೆಸೋ ಸ್ವಂತ ಕ್ಲಿನಿಕ್‌ದು. ಬಟ್ಟೆ ಅಂಗಡಿ ಮೇಲಿನ ವಿಳಾಸಕ್ಕೆ ನೋಂದಣಿನೇ ಇಲ್ಲ. ಫ್ರೇಮ್ ಹಾಕಿದ ಕಾಗದದಲ್ಲಿ ವಿಳಾಸ ಅಷ್ಟು ಸಣ್ಣಕ್ಷರದಲ್ಲಿ ಇರತ್ತೆ, ಯಾರು ಓದ್ತಾರೆ? ಈಗ ನಾನು ಎಲ್ಲರಿಗೂ ಹೇಳೋದು, ರಿಸೆಪ್ಷನ್‌ನಲ್ಲಿ ಕಾಯ್ತಾ ಕೂತಾಗ ಆ ಫ್ರೇಮಿನ ಫೋಟೋ ತಗೊಳ್ಳಿ, ವಿಳಾಸ ಹೊಂದತ್ತಾ ನೋಡಿ, ಡಾಕ್ಟರ್ ನೋಂದಣಿ ಸಂಖ್ಯೆನ ಕರ್ನಾಟಕ ಮೆಡಿಕಲ್ ಕೌನ್ಸಿಲ್ ವೆಬ್‌ಸೈಟಲ್ಲಿ ಹಾಕಿ ನೋಡಿ.

ಕ್ರೀಮ್ ಬಗ್ಗೆ ಡ್ರಗ್ಸ್ ಕಂಟ್ರೋಲ್ ಇಲಾಖೆಗೆ ಬೇರೆ ದೂರು. ಇದನ್ನ ಯಾಕೆ ಬೇರೆ ಕೊಟ್ವಿ ಅಂದ್ರೆ ಚರ್ಮಕ್ಕೆ ಹಚ್ಚೋ ಸ್ಟೀರಾಯ್ಡ್‌ಗಳನ್ನ 2018ರಲ್ಲಿ ಶೆಡ್ಯೂಲ್ ಎಚ್‌ಗೆ ಸೇರಿಸಿದ್ರು, ಡಾಕ್ಟರ್ ಚೀಟಿ ಇಲ್ಲದೆ ಮಾರೋ ಹಾಗಿಲ್ಲ, ಡ್ರಗ್ ಲೈಸೆನ್ಸ್ ಇಲ್ಲದೆ ಮಾರೋದು 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ ಪ್ರಕಾರ ಅಪರಾಧ. ಎಲ್ಲಕ್ಕಿಂತ ಬೇಗ ಕೆಲಸ ಆಗಿದ್ದು ಇಲ್ಲೇ. ಎರಡನೇ ವಾರದಲ್ಲೇ ಡ್ರಗ್ಸ್ ಇನ್‌ಸ್ಪೆಕ್ಟರ್ ಹೋಗಿ ಕೌಂಟರಲ್ಲಿದ್ದ ಟ್ಯೂಬ್‌ಗಳನ್ನೆಲ್ಲ ಮಹಜರ್ ಮಾಡಿ ತಗೊಂಡು ಬಂದ್ರು. ಆ ಟ್ಯೂಬುಗಳ ಪಕ್ಕದ ರೂಮಲ್ಲೇ ಮೆಷಿನ್ ಇತ್ತು, ಅದನ್ನ ಮುಟ್ಟೋ ಅಧಿಕಾರ ಅವರಿಗೆ ಕಾಣಲಿಲ್ಲ.

ಯಾಕೆ ಕಾಣಲಿಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ನಮ್ಮಲ್ಲಿ ವೈದ್ಯಕೀಯ ಉಪಕರಣಗಳಿಗೆ 2017ರ ನಿಯಮಗಳು ಇದಾವೆ, 2020ರ ಏಪ್ರಿಲ್ 1ರಿಂದ ಎಲ್ಲ ಉಪಕರಣಗಳೂ ಕಾನೂನಲ್ಲಿ ಔಷಧಿ ಅನ್ನೋ ವ್ಯಾಖ್ಯೆ ಒಳಗೆ ಬಂದ್ವು, 2022ರ ಅಕ್ಟೋಬರಿಂದ ಅಪಾಯ ಕಮ್ಮಿ ಇರೋ ಎ ಮತ್ತೆ ಬಿ ಕ್ಲಾಸಿಗೆ, 2023ರ ಅಕ್ಟೋಬರಿಂದ ಅಪಾಯ ಜಾಸ್ತಿ ಇರೋ ಸಿ ಮತ್ತೆ ಡಿ ಕ್ಲಾಸಿಗೆ ಲೈಸೆನ್ಸ್ ಕಡ್ಡಾಯ ಆಯ್ತು. ಆದ್ರೆ ಇದೆಲ್ಲ ತಯಾರಿಸೋರಿಗೆ, ಆಮದು ಮಾಡೋರಿಗೆ, ಮಾರೋರಿಗೆ. ಕೊಂಡವರು ಅದನ್ನ ಯಾರ ಕೈಗೆ ಕೊಡ್ತಾರೆ ಅನ್ನೋದು ಅದರಲ್ಲಿ ಇಲ್ಲ. ಎಕ್ಸ್‌ರೇ ಮೆಷಿನ್ ಇಟ್ಕೊಳ್ಳೋಕೆ ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಲೈಸೆನ್ಸ್ ಬೇಕು, ಯಾಕಂದ್ರೆ ಅದು ಅಯಾನೀಕರಿಸೋ ವಿಕಿರಣ. ಲೇಸರ್, ಐಪಿಎಲ್ ಆ ಗುಂಪಿಗೆ ಸೇರಲ್ಲ, ಹಾಗಾಗಿ ಎಇಆರ್‌ಬಿ ವ್ಯಾಪ್ತಿ ಹೊರಗೆ. ಚರ್ಮರೋಗ ತಜ್ಞರ ಸಂಘ ಐಎಡಿವಿಎಲ್ 2008ರಲ್ಲೇ ಲೇಸರ್ ಮತ್ತೆ ಐಪಿಎಲ್ ಕೂದಲು ತೆಗೆಯೋದಕ್ಕೆ ಮಾರ್ಗಸೂಚಿ ಮಾಡಿದೆ, ತರಬೇತಿ ಇರೋ ವೈದ್ಯರು ಮಾಡ್ಬೇಕು ಇಲ್ಲ ಅವರ ಉಸ್ತುವಾರೀಲಿ ಆಗ್ಬೇಕು ಅಂತ, ಒಳ್ಳೆ ಮಾರ್ಗಸೂಚಿ, ಆದ್ರೆ ಅದು ಕಾನೂನಲ್ಲ. ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆ 34ನೇ ಸೆಕ್ಷನ್‌ನಲ್ಲಿ ನೋಂದಣಿ ಇಲ್ಲದೆ ವೈದ್ಯಕೀಯ ವೃತ್ತಿ ಮಾಡಿದ್ರೆ ಒಂದು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ ಅಂತ ಇದೆ, ಆದ್ರೆ ಕೂದಲು ತೆಗೆಯೋದು ವೈದ್ಯಕೀಯ ವೃತ್ತಿ ಹೌದೋ ಅಲ್ಲವೋ ಅನ್ನೋ ಮೊದಲನೇ ಪ್ರಶ್ನೆಗೇ ವಾಪಸ್ ಬಂದು ನಿಲ್ತೀವಿ. ಅರವತ್ತು ಎಪ್ಪತ್ತು ರೂಪಾಯಿ ಟ್ಯೂಬಿಗೆ ಕಾನೂನು ನೇರವಾಗಿದೆ, ಇನ್‌ಸ್ಪೆಕ್ಟರ್ ಬಂದ್ರು. ಮುಖ ಸುಟ್ಟ ಮೆಷಿನ್‌ಗೆ ನೇರ ಕಾನೂನಿಲ್ಲ, ಯಾರೂ ಬರಲಿಲ್ಲ. ಅಧಿಕಾರಿಗಳನ್ನ ಬೈಯ್ಯೋದಕ್ಕೆ ಮುಂಚೆ ಈ ವ್ಯತ್ಯಾಸ ಕಾಣ್ಬೇಕು.

ಗ್ರಾಹಕರ ಆಯೋಗ

ದುಡ್ಡು ಮತ್ತೆ ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋದ್ವಿ. ಕೊಟ್ಟ ದುಡ್ಡು ಐದು ಲಕ್ಷದ ಒಳಗಿದ್ರೆ ಫೀಸಿಲ್ಲ, ದೂರುದಾರರು ಇರೋ ಊರಲ್ಲೇ ಹಾಕಬಹುದು, ಎರಡು ವರ್ಷದ ಒಳಗೆ ಹಾಕ್ಬೇಕು. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಬರತ್ತೆ ಅಂತ 1995ರ ವಿ.ಪಿ. ಶಾಂತಾ ತೀರ್ಪಲ್ಲೇ ಇತ್ಯರ್ಥ ಆಗಿದೆ, ಸೌಂದರ್ಯ ಸೇವೆ ಅಂತ ಅಂದ್ರೂ ಅದೂ ಸೇವೆನೇ. ಅಂದ್ರೆ ಅವರು ಯಾವ ದೋಣಿ ಹತ್ತಿದ್ರೂ ಇಲ್ಲಿ ತಪ್ಪಿಸ್ಕೊಳ್ಳೋ ಹಾಗಿಲ್ಲ.

ದೂರು ಬರೆಯುವಾಗ ಒಂದು ನಿರ್ಧಾರ ತಗೋಬೇಕಾಯ್ತು. ಆ ಕನ್ಸೆಂಟ್ ಫಾರ್ಮಲ್ಲಿ ಯಾವ ತೊಂದರೆ ಆದ್ರೂ ಕ್ಲೇಮ್ ಮಾಡಲ್ಲ ಅಂತ ಒಂದು ಕಲಂ ಇತ್ತು. ಅದನ್ನ ಅನ್ಯಾಯದ ಒಪ್ಪಂದ ಅಂತ ರದ್ದು ಮಾಡಿ ಅಂತ ಕೇಳೋ ಆಸೆ ನಮ್ಮ ಹುಡುಗರಿಗೆ, ಆದ್ರೆ ಅನ್ಯಾಯದ ಒಪ್ಪಂದದ ದೂರು ಕೇಳೋ ಅಧಿಕಾರ 2019ರ ಕಾಯ್ದೇಲಿ ಜಿಲ್ಲಾ ಆಯೋಗಕ್ಕೆ ಇಲ್ಲ, ರಾಜ್ಯ ಆಯೋಗಕ್ಕೆ ಹೋಗ್ಬೇಕು. ಕಾವ್ಯಂಗೆ ಬೆಂಗಳೂರಿಗೆ ಓಡಾಡೋ ಶಕ್ತಿ ಇರ್ಲಿಲ್ಲ. ಅದಕ್ಕೆ ಆ ಕಲಂ ಬಿಟ್ಟು ಸೇವಾ ನ್ಯೂನತೆ ಮೇಲೆ ಮಾತ್ರ ನಿಂತ್ವಿ. ಲೇಸರ್ ಅಂತ ಹೇಳಿ ಐಪಿಎಲ್ ಮಾಡಿದ್ದು, ಅಪಾಯ ಮುಚ್ಚಿಟ್ಟಿದ್ದು, ಡಾಕ್ಟರ್ ಇಲ್ಲದೆ ಡಾಕ್ಟರ್ ಹೆಸರಲ್ಲಿ ನಡೆಸಿದ್ದು. ಒಪ್ಪಿಗೆ ಅಂದ್ರೆ ಏನು ಮಾಡ್ತಾರೆ, ಅಪಾಯ ಏನು, ಬೇರೆ ದಾರಿ ಏನು ಅಂತ ತಿಳಿದು ಕೊಟ್ಟಿದ್ದಾಗಿರ್ಬೇಕು ಅಂತ 2008ರ ಸಮೀರಾ ಕೊಹ್ಲಿ ತೀರ್ಪು ಹೇಳತ್ತೆ, ಓದೋಕೆ ಬಿಡದೆ ಹಾಕಿಸ್ಕೊಂಡ ಸೈನ್ ಅದಲ್ಲ. ತಜ್ಞರ ಸಾಕ್ಷಿ ಎಲ್ಲಿ ಅಂತ ಅವರು ಕೇಳ್ತಾರೆ ಅಂತ ಗೊತ್ತಿತ್ತು, ಪ್ರತಿ ಕೇಸಲ್ಲೂ ಅದು ಕಡ್ಡಾಯ ಅಲ್ಲ ಅಂತ 2010ರ ವಿ. ಕಿಶನ್ ರಾವ್ ತೀರ್ಪು ಇದೆ, ಆದ್ರೂ ಮೆಡಿಕಲ್ ಕಾಲೇಜಿನ ಆ ಚೀಟಿ ಮತ್ತೆ ಅಳತೆ ಇರೋ ಫೋಟೋ ಮುಂದಿಟ್ವಿ.

ಎದುರುಪಕ್ಷದವರು ಉತ್ತರ ಹಾಕೋಕೆ 30 ದಿನ, ಆಯೋಗ ಬಿಟ್ರೆ ಇನ್ನು 15 ದಿನ, 45ರ ಮೇಲೆ ಒಂದು ದಿನನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠನೇ ಹೇಳಿದೆ. ಇವರು 44ನೇ ದಿನ ಹಾಕಿದ್ರು, ಜೊತೆಗೆ 18 ಅಂತ ಇರೋ ಕಾರ್ಡನ್ನ ಒರಿಜಿನಲ್ ಅಂತ ಹಾಜರು ಮಾಡಿದ್ರು. ನಾವು ವಾಟ್ಸಾಪ್ ಫೋಟೋ ಹಾಜರು ಮಾಡಿದ್ದು ಅದಾದ್ಮೇಲೆ. ಮುಂದಿನ ವಾಯಿದೆಗೇ ಅವರ ವಕೀಲರು ಮೀಡಿಯೇಷನ್‌ಗೆ (ರಾಜಿ ಮಾತುಕತೆಗೆ) ರೆಡಿ ಅಂದ್ರು.

ಮೀಡಿಯೇಷನ್‌ನಲ್ಲಿ ಮೊತ್ತಕ್ಕಿಂತ ಜಾಸ್ತಿ ಹೊತ್ತು ಹಿಡಿದಿದ್ದು ಒಂದು ಷರತ್ತು. ಹೇಳಿದ ದುಡ್ಡು ಕೊಡ್ತೀವಿ, ಆದ್ರೆ ಡಿಎಚ್‌ಓ ಹತ್ರ ಇರೋ ದೂರು, ಡಾಕ್ಟರ್ ಮೇಲೆ ಮೆಡಿಕಲ್ ಕೌನ್ಸಿಲ್‌ಗೂ ನಾವು ಕೊಟ್ಟಿದ್ದ ದೂರು ಎರಡನ್ನೂ ವಾಪಸ್ ತಗೋಬೇಕು ಅಂದ್ರು. ಅಪ್ಪ ಒಪ್ಪೋಣ ಅಂದ್ರು, ಅವರದು ತಪ್ಪಲ್ಲ, ಮದುವೆ ಖರ್ಚು ಎದುರಿಗಿತ್ತು. ಅಮ್ಮ ಮಾತ್ರ, ನಾಳೆ ಇನ್ನೊಬ್ಬರ ಮಗಳಿಗೆ ಹಿಂಗಾದ್ರೆ ನಾವು ದುಡ್ಡು ತಗೊಂಡು ಬಾಯಿ ಮುಚ್ಕೊಂಡ ಹಾಗಾಗತ್ತೆ ರೀ ಅಂದ್ರು. ಕಾವ್ಯ ಅಮ್ಮನ ಕಡೆ ನಿಂತ್ಲು. ಮೊತ್ತ ಸ್ವಲ್ಪ ಕಮ್ಮಿ ಮಾಡ್ಕೊಂಡು ಆ ಷರತ್ತು ತೆಗೆಸಿದ್ವಿ. ಪ್ಯಾಕೇಜಿನ 18,000 ಪೂರ್ತಿ, ಆಗಿರೋ ಮತ್ತೆ ಮುಂದಾಗೋ ಚಿಕಿತ್ಸೆ ಖರ್ಚು, ಅದರ ಮೇಲೊಂದು ಪರಿಹಾರ. ಅಂಕಿ ಬರೆಯೋ ಹಾಗಿಲ್ಲ, ಗೋಪ್ಯ ಇಡ್ತೀವಿ ಅಂತ ಒಪ್ಪಿದೀವಿ.

ಆಮೇಲೆ ಏನಾಯ್ತು

ಮದುವೇನ ಕಾವ್ಯನೇ ಮೂರು ತಿಂಗಳು ಮುಂದಕ್ಕೆ ಹಾಕಿಸಿದ್ಲು, ಹುಡುಗನ ಮನೆಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಕಂದು ಕಲೆಗಳು ಎಂಟು ಒಂಬತ್ತು ತಿಂಗಳಲ್ಲಿ ಬಹುಪಾಲು ತಿಳಿಯಾದ್ವು. ಬಿಳಿ ಚುಕ್ಕೆಗಳಲ್ಲಿ ಎರಡು ಬಲದವಡೇಲಿ ಹಾಗೇ ಇವೆ. ಪಿಸಿಓಎಸ್‌ಗೆ ಮಾತ್ರೆ ನಡೀತಿದೆ, ಕೂದಲಿಗೆ ಸದ್ಯಕ್ಕೆ ಮತ್ತೆ ಥ್ರೆಡಿಂಗೇ.

ಡಾಕ್ಟರ್ ಮೇಲಿನ ದೂರು ಮೆಡಿಕಲ್ ಕೌನ್ಸಿಲ್‌ನಲ್ಲಿ ವಿಚಾರಣೆಗೆ ಇದೆ. ಕೆಪಿಎಂಇ ಪ್ರಾಧಿಕಾರ ನೋಟಿಸ್ ಕೊಡ್ತು, ನೋಂದಣಿ ಇಲ್ಲದ ಜಾಗ ಅಂತ ಬೀಗ ಹಾಕಿಸಿದ್ರು. ನಮಗೆಲ್ಲ ಸಮಾಧಾನ ಆಯ್ತು. ಆದ್ರೆ ಎರಡು ತಿಂಗಳು ಕಳೆಯೋಷ್ಟರಲ್ಲಿ ಅದೇ ಮಹಡೀಲಿ ಹೊಸ ಬೋರ್ಡ್ ಬಂತು, ಈಗ ಬ್ಯೂಟಿ ಅಂಡ್ ವೆಲ್‌ನೆಸ್ ಸ್ಟುಡಿಯೋ, ಡಾಕ್ಟರ್ ಹೆಸರು ಇಲ್ಲ, ಕ್ಲಿನಿಕ್ ಅನ್ನೋ ಪದ ಇಲ್ಲ, ಪಾಲಿಕೆಯಿಂದ ಟ್ರೇಡ್ ಲೈಸೆನ್ಸ್ ತಗೊಂಡಿದಾರೆ. ಕಾವ್ಯನ ಜೊತೆ ಕೆಲಸ ಮಾಡೋ ಟೀಚರ್ ಒಬ್ಬರು ಹೋಗಿ ವಿಚಾರಿಸಿದ್ರೆ ಲೇಸರ್ ಇದೆ ಮೇಡಂ, ಆರು ಸಿಟ್ಟಿಂಗ್ ಪ್ಯಾಕೇಜ್ ಅಂದ್ರಂತೆ, ಅದೇ ರೂಮ್, ಅದೇ ಬಿಳಿ ಮೆಷಿನ್. ಡಿಎಚ್‌ಓ ಆಫೀಸಿಗೆ ಮತ್ತೆ ಹೋದ್ವಿ. ಅಲ್ಲಿನವರು ನಮ್ಮ ಮಾತು ಕೇಳಿದ್ರು, ಹಿಂಬರಹದಲ್ಲಿ ಬರೆದುಕೊಟ್ಟಿದ್ದು ಇಷ್ಟು: ಕಾಯ್ದೇಲಿ ರೋಗ ತಡೆಯೋ, ಗುಣಪಡಿಸೋ ಅಥವಾ ಪುನಶ್ಚೇತನದ ವೈದ್ಯಕೀಯ ಚಿಕಿತ್ಸೆ ಕೊಡೋ ಸಂಸ್ಥೆ ಅಂತ ಇದೆ, ಸದರಿ ಸ್ಥಳ ಪಾಲಿಕೆ ಪರವಾನಗಿ ಪಡೆದ ಸೌಂದರ್ಯ ಸೇವಾ ಕೇಂದ್ರ ಆಗಿರೋದ್ರಿಂದ ಪ್ರಾಧಿಕಾರದ ವ್ಯಾಪ್ತಿಗೆ ಬರಲ್ಲ.

ಕ್ಲಿನಿಕ್ ವಕೀಲರು ಮೊದಲನೇ ಉತ್ತರದಲ್ಲಿ ಹೇಳಿದ ವಾದಾನೇ ಈಗ ಸರ್ಕಾರಿ ಕಾಗದದ ಮೇಲೆ ಬಂದಿದೆ. ಈ ಹಿಂಬರಹನ ಇಟ್ಕೊಂಡು ಡಿಸಿಯವರಿಗೂ ಆರೋಗ್ಯ ಇಲಾಖೆ ಕಮಿಷನರ್‌ಗೂ ಮನವಿ ಕೊಟ್ಟಿದೀವಿ, ಕೇಳಿರೋದು ಎರಡೇ. ಚರ್ಮದ ಮೇಲೆ ಲೇಸರ್ ಅಥವಾ ಐಪಿಎಲ್ ಬಳಸೋ ಯಾವ ಜಾಗನೇ ಆಗ್ಲಿ, ಬೋರ್ಡಲ್ಲಿ ಏನೇ ಬರೆದಿರ್ಲಿ, ಅದನ್ನ ಕೆಪಿಎಂಇ ಕೆಳಗೆ ಕ್ಲಿನಿಕ್ ಅಂತಾನೇ ಪರಿಗಣಿಸಿ ಸುತ್ತೋಲೆ ಹೊರಡಿಸ್ಬೇಕು. ಪಾಲಿಕೆ, ನಗರಸಭೆಗಳು ಬ್ಯೂಟಿ ಪಾರ್ಲರ್‌ಗೆ ಟ್ರೇಡ್ ಲೈಸೆನ್ಸ್ ಕೊಡುವಾಗ ಅರ್ಜೀಲಿ ಇಂಥ ಮೆಷಿನ್ ಇದೆಯಾ ಅಂತ ಒಂದು ಕಾಲಂ ಸೇರಿಸ್ಬೇಕು, ಇದೆ ಅಂದ್ರೆ ಡಿಎಚ್‌ಓ ಒಪ್ಪಿಗೆ ಇಲ್ಲದೆ ಲೈಸೆನ್ಸ್ ಕೊಡಬಾರ್ದು. ಮನವಿ ಜೊತೆ ಕಾವ್ಯನ ಫೋಟೋ, ಎರಡು ಕಾರ್ಡುಗಳ ಪ್ರತಿ, ಹಳೇ ಬೋರ್ಡ್ ಮತ್ತೆ ಹೊಸ ಬೋರ್ಡಿನ ಚಿತ್ರ ಲಗತ್ತಿಸಿದೀವಿ. ಕಮಿಷನರ್ ಆಫೀಸಿಂದ ಕಡತ ಸಂಖ್ಯೆ ಬಂದಿದೆ, ಉತ್ತರ ಇನ್ನೂ ಬಂದಿಲ್ಲ. ನಿಮ್ಮ ಊರಲ್ಲೂ ಇಂಥ ಹಿಂಬರಹ ಯಾರಿಗಾದ್ರೂ ಸಿಕ್ಕಿದ್ರೆ ಅದರ ಪ್ರತಿ ನಮಗೆ ಕಳಿಸಿ, ಒಂದೇ ಕಡತಕ್ಕೆ ಸೇರಿಸ್ತೀವಿ.